ಕೆಂಪು ಮಣ್ಣಿನಲ್ಲಿ ಬೇರಿನ ಉಪಾಯ

ಕೂಡ್ಲಿಗಿ ಕಡೆಯ ಮಸಾರಿ ಹೊಲ ನಿಮಗೆ ಗೊತ್ತು. ಜೋಳದ ನಡುವೆ ತೊಗರಿ ಅಕ್ಕಡಿ. ಗೊಬ್ಬರ ಕಡಿಮೆ ಆದರೆ ಜೋಳ ಸೊರಗುತ್ತದೆ. ತೊಗರಿ ಹಸಿರಾಗಿ ನಿಂತಿರುತ್ತದೆ.

"ಯಾಕ್ರೀ ಟೀಚರ್, ಎರಡೂ ಒಂದೇ ಹೊಲದಾಗ ಅದಾವಲ್ಲ?" ಎಂದು ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. ಉತ್ತರ ಮಣ್ಣಿನ ಒಳಗೆ ಐತಿ.

ಗಿಡಕ್ಕೆ ರಂಜಕ ಎಂಬ ಆಹಾರ ಬೇಕು. ಡಿಎಪಿ ಚೀಲದ ಮೇಲೆ 18, 46 ಎಂದು ಬರೆದಿರುತ್ತದೆ. ಓದಿ ನೋಡಿ. 46 ಎಂಬುದು ರಂಜಕದ ಲೆಕ್ಕ. ಇದಕ್ಕಾಗಿಯೇ ನಾವು ಅಂಗಡಿಯಲ್ಲಿ ಸಾಲ ಬರೆಸುತ್ತೇವೆ. ಆದರೆ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಮಣ್ಣು ಕೆಂಪಾಗಿದ್ದೇ ಅದರಿಂದ. ಈ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಗೇವಿನಲ್ಲಿ ಜೋಳ ಐತಿ, ಬಾಯಿ ಮುಚ್ಚೈತಿ ಅಂದಂಗ.

ತೊಗರಿ ಬೇರಿಗೆ ಆ ಬಾಯಿ ತೆಗೆಯೋದು ಗೊತ್ತು. ಬೇರಿನಿಂದ ಒಂದು ಬಗೆಯ ಹುಳಿ ಒಸರುತ್ತದೆ. ಹುಳಿ ಕಬ್ಬಿಣವನ್ನು ಹಿಡಿಯುತ್ತದೆ, ರಂಜಕ ಬಿಡುಗಡೆ ಆಗುತ್ತದೆ. ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ನಡೆದ ಕೆಲಸದಿಂದ 1990ರಲ್ಲಿ ಇದು ತಿಳಿದುಬಂತು.

ತೊಗರಿಯ ಬಳಗದ್ದೇ ಆದ ಬೀನ್ಸ್ ಗಿಡದ್ದು ಬೇರೆ ಉಪಾಯ. ರಂಜಕ ಮೇಲ್ಮಣ್ಣಿನಲ್ಲೇ ಹೆಚ್ಚು. ಕೆಲವು ಬೀನ್ಸ್ ತಳಿಗಳು ಬೇರನ್ನು ಅಡ್ಡ ಚಾಚಿ ಮೇಲ್ಮಣ್ಣನ್ನೇ ಹುಡುಕುತ್ತವೆ. ಬೇರಿನ ಮೇಲಿನ ಸಣ್ಣ ಕೂದಲೂ ಉದ್ದ ಬೆಳೆಯುತ್ತದೆ. ಕೆಲವು ತಳಿಗಳ ಬೇರು ನೆಟ್ಟಗೆ ಆಳಕ್ಕೆ ಹೋಗುತ್ತದೆ. ಅವು ಬಡ ಮಣ್ಣಿನಲ್ಲಿ ಸೊರಗುತ್ತವೆ.

ಈ ಗುಣ ಬೀಜದಲ್ಲೇ ಬರುತ್ತದೆ. ತಾಯಿಯ ಮೂಗು ಮಗಳಿಗೆ ಬರುತ್ತದಲ್ಲ, ಹಾಗೆ. ಬೀಜದೊಳಗಿನ ವಂಶವಾಹಿಗಳು ಇದನ್ನು ಹೊತ್ತು ತರುತ್ತವೆ. ಒಂದಲ್ಲ, ಹಲವು ವಂಶವಾಹಿಗಳು ಸೇರಿ ಮಾಡುವ ಕೆಲಸ. ಅದಕ್ಕೇ ಹೊಸ ತಳಿ ಮಾಡೋದು ಸುಲಭ ಅಲ್ಲ. ಮಳೆ ಕಡಿಮೆ ಇರೋ ನಮ್ಮ ಸೀಮೆಗೆ ಇನ್ನೊಂದು ತೊಡಕು. ಅಡ್ಡ ಬೇರಿಗೆ ಊಟ ಸಿಗುತ್ತದೆ. ಮೇಲ್ಮಣ್ಣು ಒಣಗಿದಾಗ ನೀರು ಆಳದಲ್ಲಿ! ನಮಗೆ ಎರಡೂ ಬಗೆಯ ಬೇರು ಬೇಕು.

ಬೀಜ ಆರಿಸಿ ಇಡೋರು ನಾವೇ ಅಲ್ಲವೇ? ತಿಪ್ಪೆ ಗೊಬ್ಬರ ಬಿದ್ದ ಮೂಲೆಯಲ್ಲಿ ಗಿಡ ತುಂಬಿದ್ದರೆ ಅದು ಗೊಬ್ಬರದ ಗುಣ ಇರಬಹುದು. ಬಡ ಜಾಗದಲ್ಲೂ ಕಾಯಿ ತುಂಬಿದ ಗಿಡ ಕಂಡರೆ ಅದರ ಬೀಜ ಬೇರೆ ಕಟ್ಟಿಡಿ. ಅಲಸಂದಿ ಹೆಚ್ಚಾಗಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಬೀಜ ಬೆರಕೆ ಆಗೋದು ಕಡಿಮೆ. ತೊಗರಿ ಹಾಗಲ್ಲ, ಜೇನುಹುಳ ಪಕ್ಕದ ಹೊಲದ ಪರಾಗ ತರುತ್ತದೆ.

ಬೇರು ನೋಡಬೇಕೆಂದರೆ ಗಿಡ ಕೀಳಬೇಡಿ. ಸಣ್ಣ ಬೇರು ಹರಿದು ಮಣ್ಣಲ್ಲೇ ಉಳಿಯುತ್ತವೆ. ಮಳೆ ಬಿದ್ದ ಮರುದಿನ ಸಲಿಕೆಯಿಂದ ಸುತ್ತ ಅಗೆದು ಎತ್ತಿ. ಬಕೆಟ್ ನೀರಿನಲ್ಲಿ ಅದ್ದಿ, ಮಣ್ಣು ಬಿಟ್ಟ ಮೇಲೆ ನೋಡಿ.