ಮನೆ ಮುಂದಿನ ಬೈಕು ಸಿರಿತನದ ಗುರುತೇ? ಕೊರೋಚಿ ಭಾಗದ ಕುಟುಂಬಗಳ ವಾಹನ ಒಡೆತನ

ನಾನು ಇವತ್ತು ಆಯ್ದುಕೊಂಡ ಊರು ಕೊಲ್ಹಾಪುರ ಜಿಲ್ಲೆ ಹಾತಕಣಂಗಲೆ ತಾಲೂಕಿನ ಕೊರೋಚಿ. ಇಚಲಕರಂಜಿಗೆ ತಾಗಿಕೊಂಡಿರುವ ಊರು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ವಿದ್ಯುತ್ ಮಗ್ಗ. ನನ್ನ ಪ್ರಶ್ನೆ ಇಷ್ಟೇ: ಮನೆ ಮುಂದೆ ಬೈಕ್ ನಿಂತಿದೆ ಅಂದ್ರೆ ಆ ಮನೆಯವರು ಉಳ್ಳವರು ಅಂತ ತೀರ್ಮಾನಿಸಬಹುದೇ?

ಮೊದಲು ದೇಶದ ಅಂಕಿ ನೋಡೋಣ. 2001ರ ಜನಗಣತಿ ಪ್ರಕಾರ ಗ್ರಾಮೀಣ ಭಾರತದಲ್ಲಿ ದ್ವಿಚಕ್ರ ವಾಹನ ಇದ್ದ ಕುಟುಂಬಗಳು ಶೇ. 6.7. 2011ರಲ್ಲಿ ಅದು ಶೇ. 14.3 ಆಯಿತು. ಕಾರು, ಜೀಪು ಇದ್ದವರು ಆಗಲೂ ಶೇ. 2.3 ಮಾತ್ರ. 2021ರ ಜನಗಣತಿ ನಡೆಯಲಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಗರ–ಗ್ರಾಮ ಸೇರಿಸಿ, ಸುಮಾರು ಅರ್ಧದಷ್ಟು ಕುಟುಂಬಗಳಲ್ಲಿ ಬೈಕ್ ಅಥವಾ ಸ್ಕೂಟರ್ ಇತ್ತು. ಕಾರು ಇದ್ದದ್ದು ನೂರಕ್ಕೆ ಎಂಟರ ಆಸುಪಾಸು. ಅಂದರೆ ಬೈಕು ಊರೆಲ್ಲ ಹರಡಿತು, ಕಾರು ಕೆಲವರ ಅಂಗಳದಲ್ಲೇ ಉಳೀತು.

ಕೊರೋಚಿಯಂಥ ಊರಲ್ಲಿ ಇದಕ್ಕೆ ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಮಗ್ಗ ಹಗಲೂ ರಾತ್ರಿ ಪಾಳಿಯ ಮೇಲೆ ನಡೀತದೆ. ಪಾಳಿ ಬದಲಾಗೋ ಹೊತ್ತಿಗೆ ಬಸ್ಸು ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. 2021ರ ಅಕ್ಟೋಬರ್ ಕೊನೆಯಿಂದ ತಿಂಗಳುಗಟ್ಟಲೆ ಮಹಾರಾಷ್ಟ್ರದ ಎಸ್.ಟಿ. ನೌಕರರ ಮುಷ್ಕರ ನಡೆದಾಗ ಬಸ್ಸನ್ನೇ ನಂಬಿದವರ ಗತಿ ಏನಾಯಿತು ಅನ್ನೋದು ನಮಗೆಲ್ಲ ಗೊತ್ತು. ಹಿಂದೆ ಸೈಕಲ್ ಮಾಡ್ತಿದ್ದ ಕೆಲಸವನ್ನು ಈಗ ಕಂತಿನ ಮೇಲೆ ತಂದ ಅಥವಾ ಹಳೇ ಬೈಕು ಮಾಡ್ತಿದೆ. ಮಗ್ಗದವನಿಗೆ ಬೈಕು ಕೂಲಿಗೆ ಹೋಗುವ ದಾರಿ.

ಇಲ್ಲೇ ನೀತಿಯ ತೊಡಕು ಇರೋದು. 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ, ಮೋಟಾರು ಇರುವ ಎರಡು, ಮೂರು ಅಥವಾ ನಾಲ್ಕು ಚಕ್ರದ ವಾಹನ ಇದ್ದ ಗ್ರಾಮೀಣ ಕುಟುಂಬವನ್ನು ಬಡವರ ಪಟ್ಟಿಯಿಂದ ತಾನಾಗಿಯೇ ಹೊರಗಿಟ್ಟರು. 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಇದೇ ಮಾನದಂಡ ಬಳಸಿತು. ಹೊಸ ಕಾರಿನವನೂ ಹಳೇ ಬೈಕಿನವನೂ ಒಂದೇ ಸಾಲಿಗೆ ಬಂದರು. ಗ್ರಾಮೀಣ ಕುಟುಂಬಗಳಲ್ಲಿ ನೂರಕ್ಕೆ ಹದಿನಾಲ್ಕು ಮಂದಿ ಹತ್ತಿರ ಬೈಕಿದ್ದಾಗ ಅದು ಅನುಕೂಲಸ್ಥರ ಗುರುತು ಅನ್ನೋ ವಾದಕ್ಕೆ ಸ್ವಲ್ಪ ಅರ್ಥವಿತ್ತು. ಅರ್ಧ ದೇಶಕ್ಕೆ ಬೈಕು ಬಂದ ಮೇಲೆ ಅದು ಏನನ್ನೂ ಬೇರ್ಪಡಿಸೋದಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ದ್ವಿಚಕ್ರ ವಾಹನದ ಷರತ್ತನ್ನು ಕೈಬಿಟ್ಟಿತು. ನಡುವಿನ ವರ್ಷಗಳಲ್ಲಿ ಬೈಕಿನ ಕಾರಣಕ್ಕೆ ಮನೆ ತಪ್ಪಿದವರ ಲೆಕ್ಕವೇ ನಮ್ಮ ಮುಂದಿನ ಸಂಶೋಧನೆಯ ವಿಷಯ ಆಗಬೇಕು.

ಚರ್ಚೆಯಲ್ಲಿ ಎರಡು ಪ್ರಶ್ನೆ ಬಂದವು. ಆರ್.ಟಿ.ಓ. ನೋಂದಣಿ ಅಂಕಿಯನ್ನೇ ಬಳಸಬಾರದೇಕೆ ಅಂತ ಒಬ್ಬರು ಕೇಳಿದರು. ನೋಂದಣಿ ಎಣಿಸೋದು ಗಾಡಿಯನ್ನು, ಕುಟುಂಬವನ್ನಲ್ಲ. ಒಂದೇ ಮನೆಯ ಮೂರು ಬೈಕು ಅಲ್ಲಿ ಮೂರು, ಜನಗಣತಿಯಲ್ಲಿ ಒಂದು ಮನೆ. ಮೇಲಾಗಿ ಇದು ಗಡಿ ಭಾಗ. ಕೊಲ್ಹಾಪುರದ ಎಂ.ಎಚ್. 09 ಪಕ್ಕದಲ್ಲೇ ಚಿಕ್ಕೋಡಿಯ ಕೆ.ಎ. 23 ನಿಂತಿರುತ್ತೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟ ಗಾಡಿಗೆ ಹೊಸ ನೋಂದಣಿ ಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತೆ. ಆದರೆ ಬಂಧುಬಳಗ ಗಡಿಯ ಎರಡೂ ಕಡೆ ಇರುವಲ್ಲಿ ಗಾಡಿ ಯಾವ ಊರಿನದು ಅಂತ ನಂಬರಿನಿಂದ ತಿಳಿಯೋದು ಕಷ್ಟ.

ಹೆಣ್ಣುಮಕ್ಕಳ ಬಗ್ಗೆ ಏನು ಅಂತ ಇನ್ನೊಬ್ಬರು ಕೇಳಿದರು. ಮನೆಯಲ್ಲಿ ಬೈಕ್ ಇದೆ ಅನ್ನೋ ಅಂಕಿ, ಕೀಲಿ ಯಾರ ಕೈಯಲ್ಲಿದೆ ಅಂತ ಹೇಳೋದಿಲ್ಲ. 2023ರ ಮಾರ್ಚ್‌ನಿಂದ ಎಸ್.ಟಿ.ಯಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಇದೆ. ಗಂಡ ಬೈಕ್ ತಗೊಂಡು ಪಾಳಿಗೆ ಹೋದ ಮೇಲೆ ಹೆಂಡತಿಗೆ ಉಳಿಯೋದು ಅದೇ ಬಸ್ಸು. ಹಾಗಾಗಿ ವಾಹನದ ಲೆಕ್ಕವನ್ನು ಬಸ್ಸಿನ ಲೆಕ್ಕದ ಜೊತೆಗಿಟ್ಟೇ ಓದಬೇಕು ಅನ್ನೋದು ನನ್ನ ವಾದ.