ಅಯಾನುಗಳ ಕಿರಣವೂ ಚಂದ್ರನ ಮಣ್ಣೂ

ವಸ್ತುಗಳೆಲ್ಲವೂ ಪರಮಾಣುಗಳಿಂದ ಆದವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಶಾಲೆಯಲ್ಲಿಯೇ ಓದಿ ತಿಳಿದಿರುವರು. ಪರಮಾಣುವಿನಲ್ಲಿ ಧನವಿದ್ಯುತ್ತೂ ಋಣವಿದ್ಯುತ್ತೂ ಸರಿಸಮನಾಗಿರುತ್ತವೆ. ಅದರಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಬಿಟ್ಟರೆ ಉಳಿದ ಭಾಗವು ಧನವಿದ್ಯುತ್ತುಳ್ಳದ್ದಾಗುತ್ತದೆ. ಇದನ್ನೇ ಅಯಾನು ಎನ್ನುವರು. ಇಂತಹ ಅಯಾನುಗಳನ್ನು ಒಂದೇ ದಿಕ್ಕಿನಲ್ಲಿ ಹರಿಯಿಸಿದರೆ ಅದು ಅಯಾನುಕಿರಣವೆನಿಸುವುದು. 1886ರಲ್ಲಿ ಜರ್ಮನಿಯ ಗೋಲ್ಡ್‌ಸ್ಟೈನ್ ಎಂಬ ಶಾಸ್ತ್ರಜ್ಞರು ಇದನ್ನು ಮೊದಲು ಕಂಡರು.

ಇದನ್ನು ಉತ್ಪಾದಿಸುವ ಕ್ರಮವು ರಾಮನಗರದ ತಾಯಂದಿರಿಗೆ ತೀರ ಅಪರಿಚಿತವೆಂದು ತೋರದು. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಸಡಿಲಗೊಂಡ ಎಳೆಯನ್ನು ಸಣ್ಣ ರಂಧ್ರದ ಮೂಲಕ ರಾಟೆಗೆ ಎಳೆದುಕೊಳ್ಳುವರಷ್ಟೆ. ಇಲ್ಲಿಯೂ ಹಾಗೆಯೇ. ಒಂದು ಪಾತ್ರೆಯಲ್ಲಿ ಸ್ವಲ್ಪ ಅನಿಲವನ್ನಿಟ್ಟು, ವೇಗದ ಎಲೆಕ್ಟ್ರಾನುಗಳಿಂದ ಅದರ ಪರಮಾಣುಗಳನ್ನು ತಾಡಿಸಿ ಅಯಾನುಗಳನ್ನಾಗಿ ಮಾಡುವರು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರದಲ್ಲಿ ಅಯಸ್ಕಾಂತಗಳ ನಡುವೆ ಸೂಕ್ಷ್ಮತರಂಗಗಳನ್ನು ಹಾಯಿಸಿ ಈ ಕಾರ್ಯವನ್ನು ನಡೆಯಿಸುತ್ತಾರೆ. ಅನಂತರ ರಂಧ್ರವುಳ್ಳ ಫಲಕವೊಂದಕ್ಕೆ ವಿದ್ಯುತ್ತನ್ನು ಕೊಟ್ಟು ಅಯಾನುಗಳನ್ನು ಹೊರಕ್ಕೆ ಸೆಳೆಯುವರು. ಗಾಳಿಯ ಕಣಗಳಿಗೆ ತಾಗಿ ಕಿರಣವು ಚದರಿಹೋಗದಂತೆ ದಾರಿಯೆಲ್ಲವನ್ನೂ ನಿರ್ವಾತವಾಗಿಡಬೇಕು.

ಹೊರಬಂದ ಅಯಾನುಗಳಲ್ಲಿ ಹಗುರವಾದವೂ ಭಾರವಾದವೂ ಬೆರೆತಿರುತ್ತವೆ. ಮಾಗಡಿಯ ರೈತರು ಕಣದಲ್ಲಿ ರಾಗಿಯನ್ನು ತೂರುವಾಗ ಹೊಟ್ಟು ದೂರಕ್ಕೆ ಹಾರಿ ಕಾಳು ಹತ್ತಿರದಲ್ಲಿ ಬೀಳುವಂತೆ, ಅಯಸ್ಕಾಂತದ ಎದುರು ಹಗುರವಾದ ಅಯಾನು ಹೆಚ್ಚು ಬಾಗುತ್ತದೆ, ಭಾರವಾದುದು ಕಡಿಮೆ ಬಾಗುತ್ತದೆ. ಹೀಗೆ ಬೇಕಾದುದನ್ನು ಬೇರ್ಪಡಿಸಿಕೊಳ್ಳುವರು. 1919ರಲ್ಲಿ ಆಸ್ಟನ್ ಎಂಬವರು ನಿರ್ಮಿಸಿದ ಯಂತ್ರವು ಇದೇ ಬಗೆಯ ವಿಂಗಡಣೆಯಿಂದ ನಿಯಾನ್ ಅನಿಲದಲ್ಲಿ 20 ಮತ್ತು 22 ತೂಕದ ಎರಡು ಜಾತಿಗಳುಂಟೆಂದು ಸ್ಥಿರಪಡಿಸಿತು.

ಅಲ್ಪಶಕ್ತಿಯ ಕಿರಣವೆಂದ ಮಾತ್ರಕ್ಕೆ ಅದು ಮಂದಗತಿಯದಲ್ಲ. 1000 ವೋಲ್ಟಿನಿಂದ ಎಳೆಯಲ್ಪಟ್ಟ ಜಲಜನಕದ ಅಯಾನು ಸೆಕೆಂಡಿಗೆ ಸುಮಾರು 440 ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಚನ್ನಪಟ್ಟಣದ ಮೇಲೆ ಮೈಸೂರನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ಮೂರರಲ್ಲೊಂದು ಪಾಲು ಸಾಕು. ಆದರೂ ಘನವಸ್ತುವಿನೊಳಗೆ ಅದು ಆಳಕ್ಕೆ ಇಳಿಯಲಾರದು. ಆದುದರಿಂದಲೇ ವಸ್ತುಗಳ ಮೇಲ್ಮೈಯನ್ನು ಪರೀಕ್ಷಿಸಲು ಇದು ತಕ್ಕ ಸಾಧನವಾಗಿದೆ.

ಪ್ರಕೃತಿಯಲ್ಲಿಯೂ ಇಂತಹ ಕಿರಣವುಂಟು. ಸೂರ್ಯನಿಂದ ಹೊರಡುವ ಸೌರಮಾರುತವು ಹೆಚ್ಚುಕಡಿಮೆ ಇದೇ ವೇಗದ ಅಯಾನುಗಳ ಪ್ರವಾಹ. ವಾಯುಮಂಡಲವಿಲ್ಲದ ಚಂದ್ರನ ಮಣ್ಣು ಅದನ್ನೆಲ್ಲ ಹೀರಿಕೊಳ್ಳುವುದೆಂದು ಬಹುಕಾಲ ನಂಬಲಾಗಿತ್ತು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಸ್ವೀಡನ್, ಭಾರತ ಮೊದಲಾದ ದೇಶಗಳವರು ಕೂಡಿ ರಚಿಸಿದ ‘ಸಾರಾ’ ಎಂಬ ಉಪಕರಣವಿದ್ದಿತು. ಬಂದೆರಗುವ ಅಯಾನುಗಳಲ್ಲಿ ಐದರಲ್ಲೊಂದು ಪಾಲಿನವರೆಗೂ ವಿದ್ಯುತ್ತನ್ನು ಕಳೆದುಕೊಂಡು ಜಲಜನಕದ ಪರಮಾಣುಗಳಾಗಿ ಹಿಂದಕ್ಕೆ ಚಿಮ್ಮುವುವೆಂದು ಅದು ತೋರಿಸಿತು. ಈ ನೌಕೆಯ ವಾರ್ತೆಗಳನ್ನು ಗ್ರಹಿಸಿದುದು ನಮ್ಮ ಬಿಡದಿಗೆ ಸಮೀಪದ ಬ್ಯಾಲಾಳಿನಲ್ಲಿರುವ, 32 ಮೀಟರ್ ಅಗಲದ ತಟ್ಟೆಯುಳ್ಳ ಕೇಂದ್ರ. ಇಂತಹ ಉಪಕರಣಗಳನ್ನು ಆಕಾಶಕ್ಕೆ ಕಳುಹಿಸುವ ಮೊದಲು ಪ್ರಯೋಗಾಲಯದ ಅಯಾನುಕಿರಣದ ಎದುರಿಟ್ಟು, ಹಿಂದೆ ಸೇರಿಗೆ ಸರ್ಕಾರದ ಮುದ್ರೆಯನ್ನು ಒತ್ತಿಸುತ್ತಿದ್ದಂತೆ, ಅಳತೆಯನ್ನು ಸರಿನೋಡಬೇಕಾಗುತ್ತದೆ.

ಹತ್ತನೆಯ ತರಗತಿಯು ಮುಗಿದೊಡನೆ, ಭೌತಶಾಸ್ತ್ರವು ಹೆಣ್ಣುಮಕ್ಕಳಿಗೆ ಕಠಿನವೆಂದೋ ಕಾಲೇಜು ದೂರವೆಂದೋ ಹೇಳಿ ಮಕ್ಕಳನ್ನು ಆ ಮಾರ್ಗದಿಂದ ತಪ್ಪಿಸುವ ಪೋಷಕರನ್ನು ಕನಕಪುರ, ಮಾಗಡಿಯ ಕಡೆಗಳಲ್ಲಿ ನಾವು ಈಗಲೂ ಕಾಣುತ್ತೇವೆ. ಸೌರಮಾರುತದ ಅಯಾನುಗಳನ್ನು ಅಳೆಯಲೆಂದು 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ಯೋಜನೆಯನ್ನು ನಿರ್ದೇಶಿಸಿದವರು ಶ್ರೀಮತಿ ನಿಗಾರ್ ಶಾಜಿಯವರು. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು ಅವರು. ನಮ್ಮ ಊರುಗಳು ಅದಕ್ಕಿಂತ ಹಿಂದುಳಿದವಲ್ಲ, ನಮ್ಮ ಮಕ್ಕಳ ಬುದ್ಧಿಯೂ ಕಡಿಮೆಯದಲ್ಲ. ಮಗಳು ವಿಜ್ಞಾನವನ್ನು ಓದಬೇಕೆಂದು ಕೇಳಿದಾಗ, ಬೇಡವೆನ್ನುವ ಮೊದಲು ಒಮ್ಮೆ ಶಾಲೆಗೆ ಬಂದು ನಮ್ಮೊಡನೆ ಮಾತನಾಡಬೇಕೆಂದು ಪೋಷಕರನ್ನು ಬೇಡಿಕೊಳ್ಳುತ್ತೇವೆ.