ಹಲ್ಲಿನ ಹಿಂದೆಯೇ ಹೊರಡುವ ಮೂಳೆ

ಹಲ್ಲೆಲ್ಲ ಉದುರಿದ ಅಜ್ಜಿಯ ಕೆನ್ನೆ ಒಳಗೆ ಸೇರಿಕೊಂಡಿರುವುದನ್ನು ನೋಡಿದ್ದೀರಲ್ಲವೇ? ಅಲ್ಲಿ ಹೋಗಿರುವುದು ಹಲ್ಲು ಮಾತ್ರವಲ್ಲ, ಹಲ್ಲನ್ನು ಹಿಡಿದುಕೊಂಡಿದ್ದ ದವಡೆಯ ಮೂಳೆಯೂ ಕರಗಿದೆ.

ಈ ಮೂಳೆ ಇರುವುದೇ ಹಲ್ಲಿಗಾಗಿ. ಅಗಿಯುವಾಗ ಬೇರಿನ ಮೂಲಕ ಒತ್ತಡ ಬೀಳುತ್ತಿದ್ದರೆ ಅದು ಗಟ್ಟಿಯಾಗಿರುತ್ತದೆ. ಹಲ್ಲು ಕಿತ್ತ ಒಂದು ವರ್ಷದಲ್ಲಿ ಅದರ ಅಗಲ ಅರ್ಧದಷ್ಟು ಕುಗ್ಗಬಹುದು. ಹೆಚ್ಚಿನ ನಷ್ಟ ಮೊದಲ 3 ತಿಂಗಳಲ್ಲೇ ಆಗಿಬಿಡುತ್ತದೆ.

ಕಳೆದುಹೋದ ಹಲ್ಲಿಗೆ ಬದಲಾಗಿ ದವಡೆಯಲ್ಲಿ ಕೂರಿಸುವ ಟೈಟಾನಿಯಂ ತಿರುಪೇ ಇಂಪ್ಲಾಂಟ್. ಇದರ ಮೂಲ ಸ್ವೀಡನ್ನಿನಲ್ಲಿದೆ. 1952ರಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ಇರಿಸಿದ್ದ ಟೈಟಾನಿಯಂ ಉಪಕರಣವನ್ನು ತೆಗೆಯಲು ಹೋದರೆ ಅದು ಕದಲಲಿಲ್ಲ, ಮೂಳೆಯೊಡನೆ ಬೆಸೆದುಕೊಂಡಿತ್ತು! 1965ರಲ್ಲಿ ಅವರು ಮೊದಲ ರೋಗಿಯ ದವಡೆಗೆ ಇಂಥ ತಿರುಪುಗಳನ್ನು ಕೂರಿಸಿದರು.

ಆದರೆ ಮೂಳೆಯೇ ಸವೆದಿದ್ದರೆ ತಿರುಪಿಗೆ ಹಿಡಿತವೆಲ್ಲಿ? ಆಗ ಬೇಕಾಗುವುದು ಮೂಳೆ ಕಸಿ. ರೋಗಿಯದೇ ಗಲ್ಲದಿಂದ ಅಥವಾ ಕೆಳದವಡೆಯ ಹಿಂಭಾಗದಿಂದ ಮೂಳೆಯ ಚೂರು ತೆಗೆದು ಸವೆದ ಜಾಗಕ್ಕೆ ಕೂರಿಸುತ್ತಾರೆ. ಹೆಚ್ಚು ಬೇಕಾದಲ್ಲಿ ಸೊಂಟದ ಮೂಳೆಯಿಂದ ತೆಗೆಯುವುದುಂಟು. ಸಂಸ್ಕರಿಸಿದ ದನದ ಮೂಳೆಯ ಪುಡಿ, ಕೃತಕ ಕ್ಯಾಲ್ಸಿಯಂ ಫಾಸ್ಫೇಟ್‌ಗಳೂ ಬಳಕೆಯಲ್ಲಿವೆ. ಬಳ್ಳಿಗೆ ಚಪ್ಪರ ಹೇಗೋ ಹಾಗೆ, ಕಸಿಯ ಆಸರೆಯಲ್ಲಿ ದೇಹವೇ ಹೊಸ ಮೂಳೆಯನ್ನು ಬೆಳೆಸಬೇಕು. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಧೂಮಪಾನಿಗಳಲ್ಲಿ, ಹತೋಟಿಯಲ್ಲಿಲ್ಲದ ಮಧುಮೇಹಿಗಳಲ್ಲಿ ಕಸಿ ವಿಫಲವಾಗುವ ಸಂಭವ ಹೆಚ್ಚು.

ಶಾಲಾ ಮಕ್ಕಳಿಗೆ ಇನ್ನೊಂದು ತೊಡಕಿದೆ. ಇಂಪ್ಲಾಂಟ್ ಮೂಳೆಗೆ ಬೆಸೆದುಕೊಳ್ಳುವುದರಿಂದ, ಬೆಳೆಯುವ ದವಡೆಯೊಡನೆ ಅದು ಕೆಳಗಿಳಿಯದು, ಮೇಲೇರದು. ಅಕ್ಕಪಕ್ಕದ ಹಲ್ಲುಗಳು ಮುಂದೆ ಸಾಗಿದರೆ ಅದು ಹಿಂದೆ ಉಳಿಯುತ್ತದೆ. ಆದ್ದರಿಂದ ಬೆಳವಣಿಗೆ ಮುಗಿಯುವ ತನಕ ಕಾಯಲೇಬೇಕು. 12ನೇ ವಯಸ್ಸಿನಲ್ಲಿ ಮುಂಬಲ್ಲು ಕಳೆದುಕೊಂಡವರು ಅಷ್ಟು ವರ್ಷ ಕಾಯುವಷ್ಟರಲ್ಲಿ ಮೂಳೆ ಸವೆದು, ಕಸಿಯ ಅಗತ್ಯ ಬೀಳಬಹುದು.

ಹೀಗಾಗಿ, ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಳಚಿಬಂದರೆ ಅದನ್ನು ಎಸೆಯಬಾರದು. ಬೇರನ್ನು ಮುಟ್ಟದೆ, ಬಾಯಲ್ಲಿ ಕಾಣುವ ಭಾಗವನ್ನು ಹಿಡಿದೆತ್ತಿ, ಮಣ್ಣಾಗಿದ್ದರೆ ಉಜ್ಜದೆ ಮೆಲ್ಲಗೆ ತೊಳೆದು ಕೂಡಲೇ ಅದರ ಕುಳಿಯಲ್ಲಿ ಕೂರಿಸಬೇಕು. ಸಾಧ್ಯವಾಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ದಂತವೈದ್ಯರಲ್ಲಿಗೆ ಧಾವಿಸಬೇಕು. ಒಂದು ಗಂಟೆಯೊಳಗೆ ತಲುಪಿದರೆ ಒಳ್ಳೆಯದು. ಹಾಲುಹಲ್ಲಾದರೆ ಮಾತ್ರ ಮತ್ತೆ ಕೂರಿಸಬಾರದು. ಮರಳಿ ಕೂರಿಸಿದ ಶಾಶ್ವತ ಹಲ್ಲು ಕೆಲವು ವರ್ಷಗಳ ನಂತರ ಹೋದರೂ, ಅಷ್ಟು ಕಾಲ ಮೂಳೆಯನ್ನು ಬಹುಮಟ್ಟಿಗೆ ಉಳಿಸಿಕೊಟ್ಟಿರುತ್ತದೆ.